ಪ್ರವಾಸಿಗರಿಲ್ಲದ ದಿನಗಳಲ್ಲಿ ಬಾಗಿಲು ಯಾರಿಗಾಗಿ ತೆರೆಯಬೇಕು?

‘ಪಬ್’ ಎಂದೊಡನೆ ನಮ್ಮ ಕರಾವಳಿಯವರ ಕಣ್ಣ ಮುಂದೆ ಬರುವುದು ನಗರದ ಮಬ್ಬು ಬೆಳಕು, ಕಿವಿಗಡಚಿಕ್ಕುವ ಸಂಗೀತ ಮತ್ತು ದುಬಾರಿ ಬಿಲ್ಲು. 2009ರ ಜನವರಿ 24ರಂದು ಮಂಗಳೂರಿನ ಪಬ್ ಒಂದರಲ್ಲಿ ಯುವತಿಯರ ಮೇಲೆ ಹಲ್ಲೆ ನಡೆದ ಮೇಲೆ ಆ ಪದಕ್ಕೆ ಇನ್ನೊಂದು ಕಹಿ ನೆನಪೂ ಅಂಟಿಕೊಂಡಿತು. ಆಗ ‘ಪಬ್ ಸಂಸ್ಕೃತಿ’ಯ ಪರ ವಿರೋಧ ಬಹಳಷ್ಟು ಚರ್ಚೆಯಾಯಿತು. ಆದರೆ ಪಬ್ ಹುಟ್ಟಿದ ನಾಡಿನಲ್ಲಿ ಅದು ಏನಾಗಿತ್ತು, ಇಂದು ಏನಾಗುತ್ತಿದೆ ಎಂದು ಕೇಳಿದವರು ಕಡಿಮೆ. ‘ಪಬ್ಲಿಕ್ ಹೌಸ್’ ಎಂಬುದರ ಮೊಟಕು ರೂಪವೇ ಪಬ್. ಅಂದರೆ ಊರವರೆಲ್ಲರಿಗೂ ತೆರೆದ ಮನೆ. ಆ ಮನೆಗಳು ಬ್ರಿಟನ್ನಿನಲ್ಲಿ ಒಂದೊಂದಾಗಿ ಮುಚ್ಚುತ್ತಿವೆ. 2000ದಲ್ಲಿ ಅಲ್ಲಿ ಸುಮಾರು 60 ಸಾವಿರ ಪಬ್‌ಗಳಿದ್ದವು. 2024ರ ಹೊತ್ತಿಗೆ ಸುಮಾರು 45 ಸಾವಿರ ಉಳಿದವು.

ಮದ್ಯದಂಗಡಿಗಳು ಮುಚ್ಚಿದರೆ ನಮಗೇನು ನಷ್ಟ, ಒಳ್ಳೆಯದೇ ಆಯಿತಲ್ಲ ಎಂದು ಓದುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರಕ್ಕಾಗಿ ನಾವು ಸ್ಕಾಟ್ಲೆಂಡಿನ ಪಶ್ಚಿಮ ತೀರದ ಒಂದು ಪುಟ್ಟ ಬಂದರು ಹಳ್ಳಿಯತ್ತ ನೋಡೋಣ. ಅದು ಹಿಂದಿನಿಂದಲೂ ಕಥೋಲಿಕರ ನೆಲ. ಅಲ್ಲಿನ ಪಬ್ಬಿನ ಕಥೆಯಲ್ಲಿ ನಮ್ಮ ಧರ್ಮಕೇಂದ್ರಗಳೂ ಯೋಚಿಸಬೇಕಾದ ಒಂದು ವಿಷಯವಿದೆ.

ದೋಣಿಯಲ್ಲೇ ಹೋಗಬೇಕಾದ ಊರು

ನಾಯ್ಡಾರ್ಟ್ ಎಂಬುದು ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡ ಬೆಟ್ಟಗಳ ನಾಡು. ಅದರ ಮುಖ್ಯ ಹಳ್ಳಿ ಇನ್ವೆರಿ. ದೇಶದ ರಸ್ತೆ ಜಾಲ ಅಲ್ಲಿಗೆ ತಲುಪುವುದಿಲ್ಲ. ರೈಲು ಮಾರ್ಗ ಕೊನೆಗೊಳ್ಳುವ ಮಾಲೆಗ್ ಬಂದರಿನಿಂದ ದೋಣಿ ಹಿಡಿಯಬೇಕು, ಇಲ್ಲವೇ ಬೆಟ್ಟಗಳ ನಡುವೆ ಇಡೀ ದಿನಕ್ಕಿಂತ ಹೆಚ್ಚು ನಡೆಯಬೇಕು. ಇಡೀ ನಾಯ್ಡಾರ್ಟಿನಲ್ಲಿ ವರ್ಷವಿಡೀ ವಾಸಿಸುವವರು ನೂರು ಚಿಲ್ಲರೆ ಮಂದಿ. ವಿದ್ಯುತ್ತು ಕೂಡ ದೇಶದ ಜಾಲದಿಂದ ಬರುವುದಿಲ್ಲ, ಊರಿನ ಸ್ವಂತ ಜಲವಿದ್ಯುತ್ ಘಟಕದಿಂದ ಬರುತ್ತದೆ.

ದೋಣಿಕಟ್ಟೆಯ ಹತ್ತಿರ, ನೀರಿಗೆ ಮುಖಮಾಡಿ, ಒಂದು ತಗ್ಗಿನ ಬಿಳಿ ಕಟ್ಟಡವಿದೆ. ಒಂದು ಕಾಲದಲ್ಲಿ ಅದು ಕಮ್ಮಾರನ ಕುಲುಮೆಯಾಗಿತ್ತು. ಆದ್ದರಿಂದಲೇ ಅದರ ಹೆಸರು ‘ಓಲ್ಡ್ ಫೋರ್ಜ್’, ಹಳೆಯ ಕುಲುಮೆ. ಬ್ರಿಟನ್ನಿನ ಮುಖ್ಯ ಭೂಭಾಗದ ಅತ್ಯಂತ ದೂರದ ಪಬ್ ಎಂದು ಅದಕ್ಕೆ ಪ್ರಸಿದ್ಧಿ. ಬೇಸಗೆಯಲ್ಲಿ ಚಾರಣಿಗರು, ಹಾಯಿದೋಣಿಯವರು, ಕುತೂಹಲಿಗಳು ಅಲ್ಲಿಗೆ ಧಾರಾಳವಾಗಿ ಬರುತ್ತಾರೆ.

ಚಳಿಗಾಲದ ಮಾತು ಬೇರೆ. ಡಿಸೆಂಬರ್ ತಿಂಗಳಲ್ಲಿ ಮಧ್ಯಾಹ್ನ ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ಗಾಳಿ ಜೋರಾದರೆ ದೋಣಿ ಬರುವುದಿಲ್ಲ. ಆ ಕಾಲದಲ್ಲಿ ಇಂತಹ ಬಂದರು ಹಳ್ಳಿಯ ಪಬ್ಬಿಗೆ ಕಾಲಿಟ್ಟವರಿಗೆ ಕಾಣುವುದು ಪ್ರವಾಸಿಗರ ಗದ್ದಲವಲ್ಲ. ಬೆಂಕಿಗೂಡಿನ ಬಳಿ ಕುಳಿತ ವೃದ್ಧರು, ಬಲೆ ಮತ್ತು ದೋಣಿಯ ಕುರಿತು ಮಾತನಾಡುವ ಕೆಲಸಗಾರರು, ಊಟಕ್ಕೆ ಬಂದ ಒಂದೆರಡು ಕುಟುಂಬಗಳು, ಮೂಲೆಯಲ್ಲಿ ಪಿಟೀಲು ನುಡಿಸುವ ಯಾರೋ ಒಬ್ಬರು, ಅಷ್ಟೇ. ಮಕ್ಕಳೂ ಅಲ್ಲಿರುತ್ತಾರೆ. ಒಬ್ಬ ಹಿರಿಯರು ಎರಡು ದಿನ ಕಾಣಿಸದಿದ್ದರೆ ಯಾರಾದರೂ ಅವರ ಮನೆಗೆ ಹೋಗಿ ನೋಡಿ ಬರುತ್ತಾರೆ. ಹೊರಗಿನಿಂದ ಬಂದ ನಾಲ್ಕನೆಯ ದಿನ ಮರಳಿ ಹೋಗುವವರಿಗೆ ಇದರ ಬೆಲೆ ತಿಳಿಯುವುದಿಲ್ಲ. ಆರು ತಿಂಗಳ ಕತ್ತಲೆಯನ್ನು ಅಲ್ಲೇ ಕಳೆಯಬೇಕಾದವರಿಗೆ ತಿಳಿಯುತ್ತದೆ.

ಬಾಗಿಲು ಮುಚ್ಚಿದಾಗ

2012ರಲ್ಲಿ ಈ ಪಬ್ ಹೊಸ ಖಾಸಗಿ ಮಾಲೀಕತ್ವಕ್ಕೆ ಹೋಯಿತು. ಮುಂದಿನ ವರ್ಷಗಳಲ್ಲಿ ಚಳಿಗಾಲದಲ್ಲಿ ಅದು ಮುಚ್ಚಿರತೊಡಗಿತು. ಊರವರಿಗೂ ಪಬ್ಬಿಗೂ ಬಿರುಕು ಬಿತ್ತು. ಕೆಲವರು ಅಲ್ಲಿಗೆ ಹೋಗುವುದನ್ನೇ ಬಿಟ್ಟರು. ಪಬ್ಬಿನ ಎದುರಿಗೆ ಮರದ ಮಾಡಿನ ಕೆಳಗೆ ಮೇಜು ಹಾಕಿ, ಮನೆಯಿಂದ ತಂದದ್ದನ್ನು ಹಂಚಿಕೊಂಡು ಕೂರತೊಡಗಿದರು. ಈ ಸುದ್ದಿ ಬ್ರಿಟನ್ನಿನ ದೊಡ್ಡ ಪತ್ರಿಕೆಗಳಲ್ಲೂ ಬಂತು.

ಇಲ್ಲಿ ಒಬ್ಬರನ್ನು ಖಳನಾಯಕರನ್ನಾಗಿ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ವ್ಯಾಪಾರಿಯ ಲೆಕ್ಕ ಸರಳವಾದದ್ದು. ಬೇಸಗೆಯಲ್ಲಿ ದುಡಿಯಬೇಕು. ಚಳಿಗಾಲದಲ್ಲಿ ಹತ್ತು ಗಿರಾಕಿಗಳಿಗಾಗಿ ಒಲೆ ಉರಿಸಿ, ದೀಪ ಹಚ್ಚಿ, ಕೆಲಸದವರಿಗೆ ಸಂಬಳ ಕೊಟ್ಟರೆ ಕೈಯಿಂದ ಹೋಗುತ್ತದೆ. ತನ್ನ ಬಂಡವಾಳ ಹಾಕಿದವನಿಗೆ ನಷ್ಟ ಮಾಡಿಕೋ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಊರಿನ ಲೆಕ್ಕವೂ ಅಷ್ಟೇ ಸರಳ. ಅಲ್ಲಿ ಇನ್ನೊಂದು ಪಬ್ ಇಲ್ಲ. ಮುಂದಿನ ಊರಿಗೆ ರಸ್ತೆಯೂ ಇಲ್ಲ. ಸೇರುವ ಒಂದೇ ಜಾಗ ನವೆಂಬರಿನಿಂದ ವಸಂತದವರೆಗೆ ಮುಚ್ಚಿದರೆ ಎಳೆಯ ಕುಟುಂಬಗಳು ಎಷ್ಟು ಚಳಿಗಾಲ ಅಲ್ಲಿ ಉಳಿದಾವು? ಅವರು ಹೋದರೆ ಶಾಲೆ ಉಳಿದೀತೇ?

ಎರಡು ಲೆಕ್ಕಗಳೂ ಸರಿಯಾಗಿದ್ದಾಗ ಜಗಳದಿಂದ ಪ್ರಯೋಜನವಿಲ್ಲ. 2021ರ ಆರಂಭದಲ್ಲಿ ಪಬ್ ಮಾರಾಟಕ್ಕೆ ಬಂದಾಗ ಊರವರು ಒಂದು ಸಮುದಾಯ ಸಂಘವನ್ನು ನೋಂದಾಯಿಸಿದರು. ಷೇರು ಬಿಡುಗಡೆ ಮಾಡಿದರು. ಊರವರಷ್ಟೇ ಅಲ್ಲ, ದೂರದ ಹಿತೈಷಿಗಳೂ ಷೇರು ಕೊಂಡರು. ಸ್ಕಾಟಿಷ್ ಲ್ಯಾಂಡ್ ಫಂಡ್ ಎಂಬ ಸರಕಾರಿ ನಿಧಿಯಿಂದ ಅನುದಾನ ಬಂತು. 2022ರ ಮಾರ್ಚ್ ತಿಂಗಳಲ್ಲಿ ‘ಓಲ್ಡ್ ಫೋರ್ಜ್’ ಊರಿನ ಸ್ವತ್ತಾಯಿತು. ಇಂತಹ ಸಂಘದಲ್ಲಿ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ವರ್ಷವಿಡೀ ಊರವರಿಗೆ ಸಿಗುವಂತಹ ಜಾಗವನ್ನಾಗಿ ಅದನ್ನು ಉಳಿಸುವುದು ಈ ಖರೀದಿಯ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು.

ಒಕ್ಕಲೆಬ್ಬಿಸಿದವರ ನೆಲದಲ್ಲಿ

ನೂರು ಮಂದಿಯ ಊರಿಗೆ ಈ ಧೈರ್ಯ ಎಲ್ಲಿಂದ ಬಂತು? ಇದು ಅವರ ಮೊದಲ ಖರೀದಿಯಲ್ಲ.

ಹದಿನೆಂಟನೆಯ ಶತಮಾನದಲ್ಲಿ ನಾಯ್ಡಾರ್ಟಿನ ಜನ ಗೇಲಿಕ್ ಮಾತನಾಡುವ ಕಥೋಲಿಕರು. ಪ್ರೊಟೆಸ್ಟೆಂಟ್ ಸುಧಾರಣೆಯ ಅಲೆ ಆ ಬೆಟ್ಟಗಳೊಳಗೆ ಅಷ್ಟಾಗಿ ತಲುಪಿರಲಿಲ್ಲ. ಆದರೆ ನೆಲ ಅವರದಾಗಿರಲಿಲ್ಲ, ಒಡೆಯರದಾಗಿತ್ತು. ಕುರಿ ಸಾಕಣೆಯಿಂದ ಹೆಚ್ಚು ಲಾಭ ಬರುತ್ತದೆಂದು ಗೊತ್ತಾದಾಗ ಜನ ಬೇಡವಾದರು. 1853ರಲ್ಲಿ ಸುಮಾರು 330 ಮಂದಿಯನ್ನು ‘ಸಿಲ್ಲೆರಿ’ ಎಂಬ ಹಡಗಿಗೆ ಹತ್ತಿಸಿ ಕೆನಡಾಕ್ಕೆ ಸಾಗಿಸಲಾಯಿತು. ಹೋಗಲೊಪ್ಪದ ಕೆಲವು ಕುಟುಂಬಗಳ ಮನೆಗಳನ್ನು ಕೆಡವಲಾಯಿತು. ಅಲ್ಲಿನ ಗುರು ಫಾದರ್ ಕಾಲ್ ಮ್ಯಾಕ್‌ಡೊನಾಲ್ಡ್ ಅಂತಹವರಲ್ಲಿ ಕೆಲವರಿಗೆ ತಮ್ಮ ಜಾಗದಲ್ಲಿ ಆಶ್ರಯ ಕೊಟ್ಟರು.

ಸುಮಾರು ನೂರು ವರ್ಷಗಳ ನಂತರ, 1948ರಲ್ಲಿ, ಏಳು ಮಂದಿ ಊರವರು ಆಗಿನ ಭೂಮಾಲೀಕ ಲಾರ್ಡ್ ಬ್ರಾಕೆಟ್ ಅವರ ಜಮೀನಿನಲ್ಲಿ ಗೂಟ ನೆಟ್ಟು, ಸಾಗುವಳಿಗೆ ಭೂಮಿ ಬೇಕೆಂದು ಹಕ್ಕು ಸಾಧಿಸಿದರು. ಅವರಲ್ಲಿ ಯುದ್ಧದಿಂದ ಮರಳಿದವರಿದ್ದರು. ಅವರ ಬೆನ್ನಿಗೆ ನಿಂತವರು ಧರ್ಮಕೇಂದ್ರದ ಗುರು ಫಾದರ್ ಕಾಲಿನ್ ಮ್ಯಾಕ್‌ಫರ್ಸನ್. ಅವರು ಮುಂದೆ ಆರ್ಗೈಲ್ ಮತ್ತು ದ್ವೀಪಗಳ ಧರ್ಮಪ್ರಾಂತ್ಯದ ಬಿಷಪರಾದರು. ನ್ಯಾಯಾಲಯದ ಆದೇಶ ಬಂತು, ಮೇಲ್ಮನವಿ ಬಿದ್ದುಹೋಯಿತು, ಆ ಏಳು ಮಂದಿ ಸೋತರು. ಇನ್ವೆರಿಯಲ್ಲಿ ಅವರ ನೆನಪಿಗೆ ಕಲ್ಲಿನ ಸ್ಮಾರಕವಿದೆ.

ಸೋತವರ ಬೇಡಿಕೆ 1999ರಲ್ಲಿ ಬೇರೆ ರೀತಿಯಲ್ಲಿ ಈಡೇರಿತು. ಊರವರು, ಸ್ಥಳೀಯ ಆಡಳಿತ ಮತ್ತು ಪರಿಸರ ಸಂಸ್ಥೆಗಳು ಸೇರಿದ ನಾಯ್ಡಾರ್ಟ್ ಫೌಂಡೇಶನ್ ಸುಮಾರು 17 ಸಾವಿರ ಎಕರೆ ಜಮೀನನ್ನು ಕೊಂಡುಕೊಂಡಿತು. ಇದಕ್ಕೆ ಎರಡು ವರ್ಷ ಮೊದಲು ಹತ್ತಿರದ ಎಗ್ ದ್ವೀಪದ ಜನ ತಮ್ಮ ದ್ವೀಪವನ್ನೇ ಕೊಂಡಿದ್ದರು. 2003ರ ಭೂಸುಧಾರಣಾ ಕಾಯಿದೆ ಸ್ಕಾಟ್ಲೆಂಡಿನ ಗ್ರಾಮೀಣ ಸಮುದಾಯಗಳಿಗೆ ಇಂತಹ ಖರೀದಿಯ ಹಕ್ಕನ್ನೇ ಕೊಟ್ಟಿತು. ನೆಲ, ವಿದ್ಯುತ್ತು, ಕೊನೆಗೆ ಪಬ್. ಒಂದೊಂದನ್ನೂ ಅವರು ಸ್ವಂತ ಕೈಗೆ ತೆಗೆದುಕೊಂಡರು. ಪಬ್ ಖರೀದಿಯ ಹಿಂದೆ ಈ ನೂರೈವತ್ತು ವರ್ಷಗಳ ಕಥೆಯಿದೆ.

ಇನ್ನೊಂದು ಬಂದರು, ಇನ್ನೊಂದು ಪಬ್

ಎಲ್ಲ ಬಂದರು ಹಳ್ಳಿಗಳಿಗೂ ಇಂತಹ ಅವಕಾಶ ಸಿಗುವುದಿಲ್ಲ. ಬ್ರಿಟನ್ನಿನ ಇನ್ನೊಂದು ತುದಿಯಲ್ಲಿ, ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ, ಮೌಸಲ್ ಎಂಬ ಮೀನುಗಾರರ ಹಳ್ಳಿಯಿದೆ. ಅದರ ಪುಟ್ಟ ಬಂದರಿನ ಬಾಯಿಗೆ ಚಳಿಗಾಲದಲ್ಲಿ ಅಲೆಗಳನ್ನು ತಡೆಯಲು ಮರದ ದಿಮ್ಮಿಗಳನ್ನು ಅಡ್ಡ ಹಾಕುತ್ತಾರೆ. ಬಂದರಿನ ಎದುರಿಗೇ ಇರುವ ಪಬ್ಬಿನ ಹೆಸರು ‘ಶಿಪ್ ಇನ್’.

1981ರ ಡಿಸೆಂಬರ್ 19ರ ರಾತ್ರಿ ‘ಯೂನಿಯನ್ ಸ್ಟಾರ್’ ಎಂಬ ಸರಕು ಹಡಗು ಎಂಜಿನ್ ಕೆಟ್ಟು ಚಂಡಮಾರುತದಲ್ಲಿ ಸಿಕ್ಕಿಕೊಂಡಿತು. ಅದರಲ್ಲಿ ಎಂಟು ಮಂದಿ ಇದ್ದರು. ಮೌಸಲ್‌ನ ಎಂಟು ಮಂದಿ ಸ್ವಯಂಸೇವಕರು ‘ಸಾಲೊಮನ್ ಬ್ರೌನ್’ ಎಂಬ ಮರದ ಜೀವರಕ್ಷಕ ದೋಣಿಯಲ್ಲಿ ಹೊರಟರು. ನಾಲ್ವರನ್ನು ಹತ್ತಿಸಿಕೊಂಡಿದ್ದೇವೆ ಎಂಬ ಸಂದೇಶ ಬಂತು. ಆಮೇಲೆ ಏನೂ ಕೇಳಿಸಲಿಲ್ಲ. ಎರಡೂ ಕಡೆಯ ಹದಿನಾರು ಮಂದಿಯೂ ಸತ್ತರು. ಆ ಸ್ವಯಂಸೇವಕರಲ್ಲಿ ಒಬ್ಬರು ಶಿಪ್ ಇನ್ ಪಬ್ಬನ್ನು ನಡೆಸುತ್ತಿದ್ದ ಚಾರ್ಲಿ ಗ್ರೀನ್‌ಹಾ. ಒಂದು ದಿನದೊಳಗೆ ಹೊಸ ತಂಡಕ್ಕೆ ಬೇಕಾದಷ್ಟು ಮಂದಿ ಊರವರು ಹೆಸರು ಕೊಟ್ಟರು. ಇಂದಿಗೂ ಪ್ರತಿ ಡಿಸೆಂಬರ್ 19ರಂದು ಬಂದರಿನ ಪ್ರಸಿದ್ಧ ಕ್ರಿಸ್ಮಸ್ ದೀಪಗಳನ್ನು ಒಂದು ಗಂಟೆ ಆರಿಸುತ್ತಾರೆ.

ಆ ರಾತ್ರಿ ಕರೆ ಬಂದಾಗ ಬೇಕಾದದ್ದಕ್ಕಿಂತ ಹೆಚ್ಚು ಮಂದಿ ಓಡಿ ಬಂದಿದ್ದರು. ಒಂದೇ ಮನೆಯ ಇಬ್ಬರನ್ನು ಕರೆದೊಯ್ಯಲು ದೋಣಿಯ ಮುಖ್ಯಸ್ಥರು ಒಪ್ಪಲಿಲ್ಲ. ಹಾಗೆ ಓಡಿ ಬರಬೇಕಾದರೆ ಜನ ಆ ಊರಿನಲ್ಲೇ ಮಲಗಿರಬೇಕು. ಇಂದು ಕಾರ್ನ್‌ವಾಲ್‌ನ ಇಂತಹ ಚಂದದ ಬಂದರು ಹಳ್ಳಿಗಳಲ್ಲಿ ಅನೇಕ ಮನೆಗಳು ದೂರದ ನಗರದವರ ರಜಾಮನೆಗಳು. ಬೇಸಗೆಯಲ್ಲಿ ತುಂಬಿ ತುಳುಕುತ್ತವೆ, ಜನವರಿಯಲ್ಲಿ ಕಿಟಕಿಗಳು ಕತ್ತಲೆ. ಅಲ್ಲಿ ಹುಟ್ಟಿದ ಮೀನುಗಾರರ ಮಕ್ಕಳಿಗೆ ಅಲ್ಲೇ ಮನೆ ಕೊಳ್ಳುವ ಶಕ್ತಿಯಿಲ್ಲ. ಹತ್ತಿರದ ಸೇಂಟ್ ಐವ್ಸ್ ಪಟ್ಟಣದ ಜನ 2016ರಲ್ಲಿ ಮತ ಹಾಕಿ, ಹೊಸದಾಗಿ ಕಟ್ಟುವ ಮನೆಗಳು ಖಾಯಂ ವಾಸಕ್ಕೆ ಮಾತ್ರ ಇರಬೇಕು ಎಂಬ ನಿಯಮ ತಂದರು. 2025ರ ಏಪ್ರಿಲ್‌ನಿಂದ ಕಾರ್ನ್‌ವಾಲ್ ಆಡಳಿತ ಎರಡನೆಯ ಮನೆಗಳ ಮೇಲೆ ದುಪ್ಪಟ್ಟು ತೆರಿಗೆ ವಿಧಿಸಿತು. ಅದೇ ತಿಂಗಳು ಇಡೀ ಬ್ರಿಟನ್ನಿನಲ್ಲಿ ನೌಕರರಿಗಾಗಿ ಮಾಲೀಕರು ಕಟ್ಟುವ ವಿಮಾ ತೆರಿಗೆ ಶೇಕಡಾ 13.8ರಿಂದ 15ಕ್ಕೆ ಏರಿತು. ಗಿರಾಕಿಗಳಿಲ್ಲದ ಚಳಿಗಾಲದಲ್ಲಿ ಸಣ್ಣ ಪಬ್‌ಗಳಿಗೆ ಇದು ಇನ್ನೊಂದು ಹೊರೆ. ಹೀಗೆ ಒಂದು ಕಡೆಯಿಂದ ಮನೆಗಳು ಖಾಲಿಯಾಗುತ್ತವೆ, ಇನ್ನೊಂದು ಕಡೆಯಿಂದ ಖರ್ಚು ಏರುತ್ತದೆ. ನಡುವೆ ಊರು ಸೇರುವ ಜಾಗ ಇಲ್ಲವಾಗುತ್ತದೆ.

ಮದ್ಯದ ಪ್ರಶ್ನೆ

ಕುಡಿತದಿಂದ ಹಾಳಾದ ಮನೆಗಳನ್ನು ನಮ್ಮ ಧರ್ಮಕೇಂದ್ರಗಳ ಗುರುಗಳೂ ಧರ್ಮಭಗಿನಿಯರೂ ಪ್ರತಿದಿನ ಕಾಣುತ್ತಾರೆ. ಆದ್ದರಿಂದ ಈ ವಿಷಯವನ್ನು ಹಾರಿಸಿ ಮುಂದೆ ಹೋಗುವಂತಿಲ್ಲ. ಸ್ಕಾಟ್ಲೆಂಡ್ ಕೂಡ ಈ ನೋವನ್ನು ಬಲ್ಲ ನಾಡು. 2023ರಲ್ಲಿ ಅಲ್ಲಿ ಮದ್ಯದಿಂದಲೇ ಸತ್ತವರು 1,277 ಮಂದಿ. ಅದಕ್ಕಾಗಿಯೇ ಅಲ್ಲಿನ ಸರಕಾರ 2018ರ ಮೇ ತಿಂಗಳಿನಿಂದ ಮದ್ಯಕ್ಕೆ ಕನಿಷ್ಠ ಬೆಲೆ ನಿಗದಿ ಮಾಡಿತು, 2024ರ ಸೆಪ್ಟೆಂಬರಿನಲ್ಲಿ ಅದನ್ನು ಇನ್ನೂ ಏರಿಸಿತು.

ಆದರೆ ಗಮನಿಸಬೇಕಾದ ಅಂಶವೊಂದಿದೆ. ಈ ಕಾನೂನಿನ ಗುರಿ ಮುಖ್ಯವಾಗಿ ಸೂಪರ್‌ಮಾರ್ಕೆಟ್ ಮತ್ತು ಅಂಗಡಿಗಳ ಅಗ್ಗದ ಮದ್ಯ. ಸ್ಕಾಟ್ಲೆಂಡಿನಲ್ಲಿ ಮಾರಾಟವಾಗುವ ಮದ್ಯದ ಬಹುಪಾಲು ಹೋಗುವುದು ಮನೆಗೆ. ಪಬ್ ಮುಚ್ಚಿದರೆ ಕುಡಿತ ನಿಲ್ಲುವುದಿಲ್ಲ. ಅದು ನಾಲ್ಕು ಜನರ ಕಣ್ಣೆದುರಿನಿಂದ ಮುಚ್ಚಿದ ಬಾಗಿಲಿನ ಹಿಂದೆ ಹೋಗುತ್ತದೆ. ಅಲ್ಲಿ ‘ಇವತ್ತಿಗೆ ಸಾಕು’ ಎನ್ನುವವರು ಯಾರೂ ಇರುವುದಿಲ್ಲ. ನಮ್ಮೂರಿನ ಬಾರುಗಳೂ ವೈನ್‌ಶಾಪುಗಳೂ ಹಳ್ಳಿಯ ಪಬ್ಬಿನಂತಲ್ಲ ಎಂಬುದನ್ನೂ ನೆನಪಿಡಬೇಕು. ನಮ್ಮಲ್ಲಿ ಗಂಡಸರು ತಲೆ ತಗ್ಗಿಸಿ ಒಳಹೋಗಿ, ಅವಸರದಲ್ಲಿ ಕುಡಿದು ಹೊರಬರುತ್ತಾರೆ. ಹೆಂಡತಿ ಮಕ್ಕಳಿಗೆ ಅಲ್ಲಿ ಜಾಗವಿಲ್ಲ. ಅಜ್ಜಿಯೂ ಮೊಮ್ಮಗಳೂ ಬಂದು ಸಾರು ಕುಡಿದು ಹೋಗುವ ಇನ್ವೆರಿಯಂತಹ ಪಬ್ಬಿಗೆ ಇದನ್ನು ಹೋಲಿಸಲಾಗದು.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅದು ಮಿತವನ್ನು ಸದ್ಗುಣವೆಂದು ಕಲಿಸುತ್ತದೆ, ಅತಿಯನ್ನು ಪಾಪವೆನ್ನುತ್ತದೆ. ಕಾನಾ ಊರಿನ ಮದುವೆಯ ಮನೆಗೆ ಹೋದ ಪ್ರಭು, ಜನ ಕೂಡಿ ಕೂರುವುದನ್ನು ಆಶೀರ್ವದಿಸಿದರು. ಒಳ್ಳೆಯ ಸಮಾರಿಯದವನ ಸಾಮತಿಯಲ್ಲಿ ಗಾಯಾಳುವನ್ನು ಕರೆದೊಯ್ದದ್ದು ಒಂದು ಛತ್ರಕ್ಕೆ. ಆ ಛತ್ರದ ಬಾಗಿಲು ಅಂದು ಮುಚ್ಚಿದ್ದರೆ ಸಮಾರಿಯದವನ ಕರುಣೆ ದಾರಿಯಲ್ಲೇ ಉಳಿಯುತ್ತಿತ್ತು.

ಧರ್ಮಸಭೆ ಮತ್ತು ಸಹಕಾರ

ಇನ್ವೆರಿಯವರು ಮಾಡಿದ್ದು ನಮಗೆ ಹೊಸದಲ್ಲ. ದೊಡ್ಡವರು ಮಾಡುವುದಕ್ಕೆ ಕಾಯದೆ ಸಣ್ಣ ಸಮುದಾಯಗಳು ತಮ್ಮ ಕೈಲಾದದ್ದನ್ನು ತಾವೇ ಮಾಡಬೇಕು, ದೊಡ್ಡ ವ್ಯವಸ್ಥೆ ಅದನ್ನು ಕಸಿಯದೆ ಬೆಂಬಲಿಸಬೇಕು ಎಂಬ ತತ್ವವನ್ನು ಜಗದ್ಗುರು ಹನ್ನೊಂದನೆಯ ಭಕ್ತಿನಾಥರು 1931ರ ವಿಶ್ವಪತ್ರದಲ್ಲಿ ಸ್ಪಷ್ಟಪಡಿಸಿದರು. ಆ ಹೊತ್ತಿಗೆ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಅದು ಆಚರಣೆಗೂ ಬಂದಿತ್ತು. ಸ್ಕಾಟ್ಲೆಂಡಿನ ಬೆಟ್ಟನಾಡಿನಿಂದ ಹೋದ ಕಥೋಲಿಕರ ಸಂತತಿಯವರು ಬಹಳಷ್ಟು ಮಂದಿ ಇದ್ದ ಆಂಟಿಗೊನಿಷ್ ಧರ್ಮಪ್ರಾಂತ್ಯದಲ್ಲಿ ಫಾದರ್ ಜಿಮ್ಮಿ ಟಾಂಪ್‌ಕಿನ್ಸ್ ಮತ್ತು ಫಾದರ್ ಮೋಸೆಸ್ ಕೋಡಿ ಬಡ ಮೀನುಗಾರರನ್ನು ಅಡುಗೆಮನೆಗಳಲ್ಲಿ ಸೇರಿಸಿ ಓದಿಸಿದರು, ಸಹಕಾರಿ ಸಂಘಗಳನ್ನು ಕಟ್ಟಿಸಿದರು. 1928ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ವಿಶ್ವವಿದ್ಯಾನಿಲಯದಲ್ಲಿ ಇದಕ್ಕಾಗಿ ಒಂದು ವಿಭಾಗವೇ ತೆರೆಯಿತು. 1959ರಲ್ಲಿ ಅಲ್ಲಿ ಆರಂಭವಾದ ಕೋಡಿ ಸಂಸ್ಥೆಯಲ್ಲಿ ಭಾರತದ ಸಮಾಜ ಸೇವಕರೂ ತರಬೇತಿ ಪಡೆದಿದ್ದಾರೆ.

ನಮ್ಮ ಜಿಲ್ಲೆಯೂ ಹಿಂದೆ ಬಿದ್ದಿರಲಿಲ್ಲ. ಮಂಗಳೂರು ಕ್ಯಾಥೊಲಿಕ್ ಸಹಕಾರಿ ಬ್ಯಾಂಕು ಆರಂಭವಾದದ್ದು 1912ರಲ್ಲಿ. ಮೊಳಹಳ್ಳಿ ಶಿವರಾಯರು ಹಳ್ಳಿ ಹಳ್ಳಿಗೆ ಹೋಗಿ ಸಹಕಾರಿ ಸಂಘ ಕಟ್ಟಿದ ನೆಲ ಇದು.

ನಮ್ಮ ಮಳೆಗಾಲದ ಮಾತು

ಅವರಿಗೆ ಚಳಿಗಾಲ ಹೇಗೋ ನಮ್ಮ ಬಂದರುಗಳಿಗೆ ಮಳೆಗಾಲ ಹಾಗೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆಯಲ್ಲೂ ಗಂಗೊಳ್ಳಿಯಲ್ಲೂ ದೋಣಿಗಳು ಸಾಲಾಗಿ ಕಟ್ಟಿ ನಿಲ್ಲುತ್ತವೆ. ಸೈಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸಿಗರನ್ನು ಒಯ್ಯುವ ದೋಣಿಗಳೂ ನಿಲ್ಲುತ್ತವೆ. ಊರು ತನ್ನವರೊಂದಿಗೆ ಮಾತ್ರ ಉಳಿಯುವ ಕಾಲ ಅದು.

ಆ ಕಾಲದಲ್ಲಿ ನಮ್ಮ ವಾಳೆಗಳಲ್ಲಿ ಸಂಜೆ ಹೊತ್ತು ನಡೆದು ನೋಡಿದರೆ ಎಷ್ಟು ಮನೆಗಳಲ್ಲಿ ದೀಪ ಉರಿಯುತ್ತಿದೆ ಎಂದು ಎಣಿಸಬಹುದು. ಗಲ್ಫಿನಲ್ಲಿ, ಮುಂಬಯಿಯಲ್ಲಿ, ಈಗ ಬ್ರಿಟನ್ ಮತ್ತು ಕೆನಡಾಗಳಲ್ಲಿ ದುಡಿಯುವವರು ಕಟ್ಟಿಸಿದ ದೊಡ್ಡ ಮನೆಗಳಿಗೆ ಬೀಗ. ಕೆಲವು ಮನೆಗಳಲ್ಲಿ ಒಬ್ಬರೇ ತಾಯಿ, ಒಬ್ಬರೇ ತಂದೆ. ಕಡಲ ಬದಿಯ ಜಾಗಗಳು ಹೋಮ್‌ಸ್ಟೇಗಳಾಗುತ್ತಿವೆ. ದುಡಿಯಲು ಹೋದವರ ಮೇಲೆ ನಮ್ಮ ದೂರಿಲ್ಲ. ಅವರು ಕಳಿಸಿದ ಹಣದಿಂದಲೇ ನಮ್ಮ ಚರ್ಚುಗಳ ಮಾಡು ಗಟ್ಟಿಯಾಗಿದೆ, ನಮ್ಮ ಶಾಲೆಗಳು ನಡೆದಿವೆ. ಹೋಮ್‌ಸ್ಟೇ ನಡೆಸಿ ಬದುಕುವವರ ಮೇಲೆಯೂ ದೂರಿಲ್ಲ. ಆದರೆ ಡಿಸೆಂಬರಿನಲ್ಲಿ ಎಲ್ಲರೂ ಬಂದು ಹಬ್ಬ ಮಾಡಿ ಹೋದ ಮೇಲೆ, ಜೂನ್ ತಿಂಗಳ ಮಳೆಯಲ್ಲಿ ಉಳಿಯುವವರಿಗೆ ಸೇರಲು ಜಾಗ ಎಲ್ಲಿ?

ನಮಗೆ ಪಬ್ ಬೇಕಾಗಿಲ್ಲ. ನಮ್ಮಲ್ಲಿ ಆ ಕೆಲಸವನ್ನು ಮಾಡುತ್ತಿದ್ದವು ಬೇರೆ ಇದ್ದವು. ಊರ ಚಹಾದಂಗಡಿಯ ಬೆಂಚು, ಮೀನು ಸೊಸೈಟಿಯ ಜಗಲಿ, ಚರ್ಚಿನ ವಾಚನಾಲಯ, ಸಂಜೆಯ ತೇರ್ಸದ ನಂತರ ಅಂಗಳದಲ್ಲಿ ನಿಂತು ಆಡುವ ಹತ್ತು ನಿಮಿಷದ ಮಾತು. ಇವುಗಳಲ್ಲಿ ಕೆಲವು ಉಳಿದಿವೆ, ಕೆಲವು ಹೋಗಿವೆ. ಈಗ ಹೆಚ್ಚಿನ ಧರ್ಮಕೇಂದ್ರಗಳಲ್ಲಿ ಸಭಾಭವನಗಳಿವೆ. ಮದುವೆ, ರೋಸ್, ಹುಟ್ಟುಹಬ್ಬಗಳಿಗೆ ಬಾಡಿಗೆಗೆ ಕೊಡುತ್ತೇವೆ. ಉಳಿದ ದಿನಗಳಲ್ಲಿ ಬೀಗ ಹಾಕುತ್ತೇವೆ. ಕರೆಂಟು ಬಿಲ್ಲು, ಕಾವಲು, ಕಸ ಗುಡಿಸುವ ಖರ್ಚು ಎಂಬ ಲೆಕ್ಕ ನಮ್ಮಲ್ಲೂ ಇದೆ. ಬೇಸಗೆಯಲ್ಲಿ ದುಡಿದು ಚಳಿಗಾಲದಲ್ಲಿ ಮುಚ್ಚುವ ಪಬ್ ಮಾಲೀಕನ ಲೆಕ್ಕವೂ ಇದೇ ಆಗಿತ್ತು. ಆದರೆ ಧರ್ಮಕೇಂದ್ರವು ಲಾಭಕ್ಕೆ ನಡೆಯುವ ವ್ಯಾಪಾರವಲ್ಲ. ಅದರ ಮಾಲೀಕರು ಅದರ ಜನರೇ.

ಆದ್ದರಿಂದ ನಮ್ಮ ಪಾಲನಾ ಮಂಡಳಿಗಳ ಮುಂದೆ ಒಂದು ಸಣ್ಣ ಸಲಹೆಯನ್ನು ಇಡುತ್ತೇವೆ. ಮುಂದಿನ ಮಳೆಗಾಲದ ಎರಡು ತಿಂಗಳು, ವಾರಕ್ಕೆ ಎರಡು ಸಂಜೆ, ಸಭಾಭವನದ ಒಂದು ಕೋಣೆಯನ್ನಾದರೂ ತೆರೆದಿಡಿ. ಒಂದು ಪಾತ್ರೆ ಚಹಾ ಇರಲಿ, ಎರಡು ದಿನಪತ್ರಿಕೆ ಇರಲಿ, ಕೇರಂ ಬೋರ್ಡ್ ಇರಲಿ. ಕಾರ್ಯಕ್ರಮ, ಭಾಷಣ, ಮೈಕು ಬೇಡ. ವಾಳೆಯ ಗುರಿಕಾರರು ಒಂಟಿಯಾಗಿರುವ ಹಿರಿಯರ ಪಟ್ಟಿ ಮಾಡಿ, ನಡೆಯಲಾಗದವರನ್ನು ಕರೆತರಲು ಯುವಜನರಿಗೆ ಹೇಳಲಿ. ಕ್ರೈಸ್ತರಲ್ಲದ ನೆರೆಹೊರೆಯವರೂ ಬರಲಿ. ಕಡಲಿಗೆ ಹೋಗದೆ ಮನೆಯಲ್ಲಿ ಕುಳಿತ ಮೀನುಗಾರ ತಮ್ಮಂದಿರು ವೈನ್‌ಶಾಪಿನ ಬದಲು ಇಲ್ಲಿಗೆ ಬಂದರೆ ಅದರ ಲಾಭ ಅವರ ಮನೆಯವರಿಗೆ ಗೊತ್ತಾಗುತ್ತದೆ. ಖರ್ಚಿಗೆ ದೊಡ್ಡ ದಾನಿಗಳನ್ನು ಹುಡುಕುವ ಮೊದಲು, ಪ್ರತಿ ಮನೆಯಿಂದ ತಿಂಗಳಿಗೆ ಒಂದಿಷ್ಟು ಎಂದು ಹಂಚಿಕೊಳ್ಳಲಿ. ಇನ್ವೆರಿಯ ನೂರು ಮಂದಿಯೂ ಹಾಗೆ ಹಂಚಿಕೊಂಡೇ ಕೆಲಸಕ್ಕೆ ಕೈ ಹಾಕಿದರು.

ಜೂನ್ ಬರುವ ಮೊದಲು, ಈಸ್ಟರ್ ಕಳೆದ ಮೇಲಿನ ಪಾಲನಾ ಮಂಡಳಿಯ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂದು ಆಶಿಸುತ್ತೇವೆ. ಬೀಗದ ಕೈ ಯಾರ ಬಳಿ ಇರಬೇಕು ಎಂಬುದನ್ನೂ ಅದೇ ಸಭೆಯಲ್ಲಿ ತೀರ್ಮಾನಿಸಿದರೆ ಒಳ್ಳೆಯದು.